ಚಾಪೆಯ ಸಂಸ್ಕಾರ

ನಾವು ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಮೊದಲು ಬಾಯಿಪಾಠ ಮಾಡಿ, ಅರ್ಥವನ್ನು ಆಮೇಲೆ ವಿಚಾರಿಸುವುದು ರೂಢಿಯಾಗಿತ್ತು. ಆ ಪುಟ್ಟ ಗ್ರಂಥದಲ್ಲಿ ಇಪ್ಪತ್ತನಾಲ್ಕು ಗುಣಗಳನ್ನು ಎಣಿಸುವಾಗ ಕಟ್ಟಕಡೆಗೆ ಬರುವುದು ಸಂಸ್ಕಾರ. ಸಂಸ್ಕಾರವು ಮೂರು ಬಗೆಯದು. ಎಸೆದ ಕಲ್ಲನ್ನು ಮುಂದಕ್ಕೊಯ್ಯುವ ವೇಗವು ಒಂದು. ಹಿಂದೆ ಅನುಭವಿಸಿದುದನ್ನು ನೆನಪಿಗೆ ತರುವ ಭಾವನೆಯು ಇನ್ನೊಂದು. ಬೇರೆ ರೀತಿಗೆ ತಿರುಗಿಸಲ್ಪಟ್ಟ ವಸ್ತುವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಸ್ಥಿತಿಸ್ಥಾಪಕವು ಮೂರನೆಯದು. ಈ ಮೂರನೆಯದಕ್ಕೆ ಗ್ರಂಥಕಾರನು ಕೊಟ್ಟಿರುವ ಉದಾಹರಣೆಯು ಚಾಪೆ. ಅವನಿಗಿಂತ ಎಷ್ಟೋ ಶತಮಾನ ಹಿಂದಿನವನಾದ ಪ್ರಶಸ್ತಪಾದನು ಬಿಲ್ಲು, ಕೊಂಬೆ, ಕೋಡು, ಹಲ್ಲು, ಎಲುಬು, ನೂಲು, ಬಟ್ಟೆ ಇವುಗಳನ್ನು ಹೆಸರಿಸಿದ್ದಾನೆ.

ಈ ಚಾಪೆಯ ವಿಷಯದಲ್ಲಿ ನಮಗೆ ಒಂದು ಸಂಶಯ ಹುಟ್ಟಿತು. ಆಗ ನಮಗೆ ಹದಿನೆಂಟು ವರ್ಷ. ಸಂಶಯ ಹುಟ್ಟಿದುದನ್ನು ಗುರುಗಳಿಗೆ ತಿಳಿಸದೆ ಇರಲಾಗದ ವಯಸ್ಸು. “ಚಾಪೆಯನ್ನು ಹೆಣೆಯುವವನು ನೆಲದ ಮೇಲೆ ಹರಡಿಕೊಂಡೇ ಹೆಣೆಯುತ್ತಾನೆ. ಹುಟ್ಟಿದಾಗ ಅದು ಚಪ್ಪಟೆ. ಸುತ್ತಿ ಮೂಲೆಯಲ್ಲಿ ನಿಲ್ಲಿಸುವವರು ನಾವು. ತಿಂಗಳುಗಟ್ಟಲೆ ಸುತ್ತಿಟ್ಟಿದ್ದುದನ್ನು ಬಿಡಿಸಿದರೆ ಅದು ಮತ್ತೆ ಸುರುಳಿಯಾಗಲು ನೋಡುವುದೇ ಹೊರತು, ಹುಟ್ಟಿದಂತೆ ಚಪ್ಪಟೆಯಾಗಿರಲು ಒಪ್ಪುವುದಿಲ್ಲ. ಹಾಗಾದರೆ ಅದರ ಮೊದಲಿನ ಸ್ಥಿತಿ ಯಾವುದು?” ಎಂದು ಕೇಳಿದೆವು. ಗುರುಗಳು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, “ಇವತ್ತು ರಾತ್ರಿ ಅದರ ಮೇಲೆ ಮಲಗಿಕೊಂಡು ಯೋಚಿಸು” ಎಂದರು. ಸಹಪಾಠಿಗಳು ನಕ್ಕರು. ನಾವೂ ನಕ್ಕೆವು. ಪ್ರಶ್ನೆಯು ಅಲ್ಲಿಗೇ ನಿಂತಿತು.

ಅದಕ್ಕೆ ಉತ್ತರವು ದೊರೆತುದು ನಾಲ್ವತ್ತು ವರ್ಷಗಳ ಮೇಲೆ, ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ, ನಮ್ಮ ಮೊಮ್ಮಗನ ಎಡಗಾಲಿನಿಂದ.

2022ನೆಯ ಇಸವಿಯ ಶ್ರಾವಣದಲ್ಲಿ ನಮ್ಮ ಮಗಳಿಗೆ ಗಂಡುಮಗು ಜನಿಸಿತು. ಮಗುವು ಮುದ್ದಾಗಿತ್ತು, ಅಳುವೂ ಗಟ್ಟಿಯಾಗಿತ್ತು. ಆದರೆ ದಾದಿಯು ಬಟ್ಟೆಯನ್ನು ಸರಿಸಿದಾಗ ಎಡದ ಪಾದವು ಒಳಮಗ್ಗುಲಿಗೆ ತಿರುಗಿ, ಹಿಮ್ಮಡಿಯು ಮೇಲಕ್ಕೆ ಸೆಳೆದುಕೊಂಡು, ಅಂಗಾಲು ಇನ್ನೊಂದು ಕಾಲನ್ನು ನೋಡುವಂತೆ ಇದ್ದಿತು. ಸೊಟ್ಟಪಾದವೆಂದು ಇದನ್ನು ಜನರು ಕರೆಯುವರು; ವೈದ್ಯರು ಕ್ಲಬ್ ಫುಟ್ ಎನ್ನುವರು. ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುವುದುಂಟು. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ. ಇದನ್ನು ಇಲ್ಲಿ ಬಿಡಿಸಿ ಹೇಳುವುದಕ್ಕೆ ಕಾರಣವುಂಟು. ಮಗುವನ್ನು ನೋಡಲು ಬಂದ ಹಿರಿಯ ಹೆಂಗಸರಲ್ಲಿ ಇಬ್ಬರು, ಗ್ರಹಣದ ದಿನ ಹುಡುಗಿಯು ಹೊರಗೆ ಬಂದಿರಬೇಕೆಂದು ಬಾಣಂತಿಯ ಕಿವಿಗೆ ಕೇಳುವಂತೆಯೇ ಮಾತಾಡಿಕೊಂಡರು. ನಾವು ಪಂಚಾಂಗವನ್ನು ಗೌರವಿಸುವವರೇ. ಆದರೂ ಚಂದ್ರನ ನೆರಳಿಗೂ ಮಗುವಿನ ಕಾಲಿಗೂ ಸಂಬಂಧ ಕಲ್ಪಿಸಿ ಬಾಣಂತಿಯನ್ನು ಅಳಿಸುವುದನ್ನು ಯಾವ ಶಾಸ್ತ್ರವೂ ವಿಧಿಸಿಲ್ಲವೆಂದು ಅವರಿಗೆ ಅಂದೇ ಹೇಳಿದೆವು. ಅವರು ಕಾಫಿಯನ್ನು ಮುಗಿಸಿ ಎದ್ದುಹೋದರು.

ಮಗುವಿಗೆ ಹತ್ತು ದಿವಸವಾದಾಗ ಮೂಳೆವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಶಸ್ತ್ರಚಿಕಿತ್ಸೆಯೆಂದರೆ ಎಷ್ಟು ದೊಡ್ಡದೋ, ಎಷ್ಟು ಕೊಯ್ಯುವರೋ ಎಂದು ನಮಗೆ ದಿಗಿಲು. ವೈದ್ಯರು ಮಾಡಿದ್ದಾದರೂ ಏನು? ಮೊಲೆಹಾಲು ಕುಡಿದು ತೂಕಡಿಸುತ್ತಿದ್ದ ಮಗುವಿನ ಪಾದವನ್ನು ಎರಡು ಕೈಗಳಿಂದ ಹಿಡಿದುಕೊಂಡು, ಒಂದು ಹೆಬ್ಬೆರಳನ್ನು ಕಣಕಾಲಿನ ಹೊರಬದಿಯ ಒಂದು ಎಲುಬಿನ ಮೇಲೆ ಊರಿ, ಪಾದದ ಮುಂಭಾಗವನ್ನು ಮೆಲ್ಲನೆ ಹೊರಕ್ಕೆ ತಿರುಗಿಸಿ, ಹಾಗೆಯೇ ಹಿಡಿದುಕೊಂಡು ಕುಳಿತರು. ಎಳೆಯಲಿಲ್ಲ, ಒತ್ತಲಿಲ್ಲ, ಹಿಡಿದುಕೊಂಡು ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, “ಈಗ ಬಿಟ್ಟುಕೊಟ್ಟಿತು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಅದೇ ಸ್ಥಿತಿಯಲ್ಲಿ ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರು ಸುತ್ತಿದರು. “ಇನ್ನು ಒಂದು ವಾರ ಬಿಟ್ಟು ಬನ್ನಿ, ಪಾದವು ಇನ್ನಷ್ಟು ಬರುತ್ತದೆ” ಎಂದರು. ಒಟ್ಟಿಗೇ ಪೂರಾ ತಿರುಗಿಸಿಬಿಡಬಾರದೇ ಎಂದು ನಾವು ಕೇಳಿದೆವು. “ಅವಸರಪಟ್ಟರೆ ಅದು ಎದುರು ನಿಲ್ಲುತ್ತದೆ, ಕಾದರೆ ಒಪ್ಪುತ್ತದೆ” ಎಂದು ನಕ್ಕರು.

ನಮ್ಮ ಅಳಿಯನು ರಬ್ಬರಿನ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಯಂತ್ರಗಳ ಸಂದುಗಳಲ್ಲಿ ಎಣ್ಣೆ ಸೋರದಂತೆ ಕೂಡಿಸುವ ಬಳೆಗಳು ಎಷ್ಟು ವರ್ಷ ಬಿಗಿಯಾಗಿ ನಿಲ್ಲುವುವೆಂದು ಗಣಿತದಿಂದ ಮುಂದಾಗಿ ಹೇಳುವುದು ಅವನ ಕೆಲಸ. ಆಸ್ಪತ್ರೆಯಿಂದ ಹಿಂದಿರುಗುವಾಗ ಅವನು ಬಾಯಿಬಿಡಲಿಲ್ಲ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮಾವಯ್ಯ, ಡಾಕ್ಟರು ಮಾಡಿದ್ದು ನಾನು ದಿನವೂ ಲೆಕ್ಕ ಹಾಕುವ ವಿಷಯವೇ. ಅದಕ್ಕೆ ಸ್ಟ್ರೆಸ್ ರಿಲ್ಯಾಕ್ಸೇಷನ್ ಎನ್ನುತ್ತಾರೆ” ಎಂದನು. ಹೇಳುವಾಗ ಅವನ ಧ್ವನಿ ನಡುಗಿತು. ಮಗುವಿನ ಪಾದವನ್ನು ನೋಡಿದ ದಿನದಿಂದ ಅವನು ಅತ್ತುದನ್ನು ನಾವು ಕಂಡಿರಲಿಲ್ಲ.

ಬಿಗಿತದ ಸಡಿಲಿಕೆಯೆಂದು ನಾವು ಇದನ್ನು ಕನ್ನಡಿಸುತ್ತೇವೆ. ಅಳಿಯನು ವಿವರಿಸಿದುದನ್ನು ನಮಗೆ ತಿಳಿದ ಮಟ್ಟಿಗೆ ಹೇಳುವೆವು. ಇದನ್ನು ಓದುವ ಗೃಹಿಣಿಯರಿಗೆ ವಿಷಯವು ಹೊಸದಲ್ಲ. ಹೋಳಿಗೆಯ ಕಣಕವನ್ನು ಕಲಸಿದ ಕೂಡಲೆ ತಟ್ಟಲು ಹೋದರೆ ಏನಾಗುವುದು? ಅಗಲಿಸಿದಷ್ಟೂ ಮುದುಡಿಕೊಳ್ಳುವುದು. ಅದನ್ನೇ ಎಣ್ಣೆಯಲ್ಲಿ ಅದ್ದಿ ಎರಡು ಮೂರು ಗಂಟೆ ಬಿಟ್ಟರೆ ಎಷ್ಟು ಎಳೆದರೂ ಬರುವುದು, ಎಳೆದಲ್ಲಿ ನಿಲ್ಲುವುದು. ಕಲಸುವಾಗ ಹಿಟ್ಟಿನ ಅಂಟಿನೆಳೆಗಳಲ್ಲಿ ಸೇರಿಕೊಂಡ ಬಿಗಿತವು ಆ ಎರಡು ಮೂರು ಗಂಟೆಗಳಲ್ಲಿ ತಾನಾಗಿ ಇಳಿದುಹೋಗಿರುವುದೇ ಇದಕ್ಕೆ ದೊಡ್ಡ ಕಾರಣ. ಕಣಕದ ಆಕಾರ ಬದಲಾಗಿಲ್ಲ. ಮುದ್ದೆಯು ಮುದ್ದೆಯಾಗಿಯೇ ಇದೆ. ಒಳಗಿನ ಸೆಳೆತ ಮಾತ್ರ ಕಡಮೆಯಾಗಿದೆ. ಕುಕ್ಕರಿನ ಮುಚ್ಚಳದ ರಬ್ಬರು ಬಳೆಯು ಒಂದೆರಡು ವರ್ಷದ ಮೇಲೆ ಆವಿಯನ್ನು ಬಿಡತೊಡಗುವುದಕ್ಕೂ ಮುಖ್ಯ ಕಾರಣ ಇದೇ. ಅದುಮಿ ಹಿಡಿದಿದ್ದಷ್ಟು ಕಾಲವೂ ಅದು ತಿರುಗಿ ಅದುಮುವ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತಿತ್ತು. ಕಾವು ಹೆಚ್ಚಾದಷ್ಟೂ ಕಳೆದುಕೊಳ್ಳುವುದೂ ಬೇಗ. ಇದನ್ನು ನಾವು ನಮ್ಮ ಮನೆಯವರಿಗೆ ಹೇಳಿದಾಗ, “ಇಷ್ಟನ್ನು ತಿಳಿಯುವುದಕ್ಕೆ ಎಂಜಿನಿಯರಿಂಗು ಓದಬೇಕೇ?” ಎಂದು ಕೇಳಿದರು.

ಓದಬೇಕು. ಏಕೆಂದರೆ ಎಷ್ಟು ಇಳಿಯಿತು, ಎಷ್ಟು ಹೊತ್ತಿನಲ್ಲಿ ಇಳಿಯಿತು ಎಂಬುದನ್ನು ಕಣಕವನ್ನು ಮುಟ್ಟಿ ನೋಡಿ ಹೇಳಬಹುದೇ ಹೊರತು, ಯಂತ್ರದೊಳಗೆ ಹುದುಗಿದ ಬಳೆಯನ್ನು ಮುಟ್ಟಿ ನೋಡಲಾಗುವುದಿಲ್ಲ. ಅದಕ್ಕಾಗಿ ಪಂಡಿತರು ಒಂದು ಬೊಂಬೆಯನ್ನು ಕಲ್ಪಿಸಿದ್ದಾರೆ. ಅಳಿಯನು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದು ತೋರಿಸಿದನು. ಆ ಚೀಟಿಯು ಇನ್ನೂ ನಮ್ಮ ತರ್ಕಸಂಗ್ರಹದ ಪುಟಗಳ ನಡುವೆ ಇದೆ.

ಬೊಂಬೆಯಲ್ಲಿ ಎರಡೇ ಅಂಗ. ಒಂದು ಸುರುಳಿತಂತಿ, ಎಂದರೆ ಸ್ಪ್ರಿಂಗು. ಎಳೆದಷ್ಟೂ ಅದು ಹಿಂದಕ್ಕೆಳೆಯುವುದು. ಬಿಟ್ಟ ಕ್ಷಣವೇ ಮೊದಲಿನಂತಾಗುವುದು. ಕಾಲದ ಪರಿವೆಯೇ ಅದಕ್ಕಿಲ್ಲ. ಇನ್ನೊಂದು, ಮಂದವಾದ ಎಣ್ಣೆ ತುಂಬಿದ ಕೊಳವೆಯೊಳಗಿನ ಬೆಣೆ. ಬ್ಯಾಂಕಿನ ಬಾಗಿಲುಗಳು ಧಡಕ್ಕನೆ ಬಡಿದುಕೊಳ್ಳದಂತೆ ಮೇಲುಗಡೆ ಕೂಡಿಸಿರುವ ಪೆಟ್ಟಿಗೆಯಲ್ಲಿ ಇಂಥದು ಇರುವುದು. ಬೇಗ ತಳ್ಳಿದರೆ ಅದು ಬಲವಾಗಿ ಅಡ್ಡಗಟ್ಟುವುದು, ನಿಧಾನವಾಗಿ ತಳ್ಳಿದರೆ ದಾರಿಬಿಡುವುದು, ಬಿಟ್ಟರೆ ಬಿಟ್ಟಲ್ಲೇ ಇರುವುದು. ಹಿಂದಿರುಗುವ ಯೋಚನೆಯೇ ಅದಕ್ಕಿಲ್ಲ. ಸ್ಪ್ರಿಂಗು ಘನಪದಾರ್ಥದ ಸ್ವಭಾವ, ಬೆಣೆಯು ದ್ರವದ ಸ್ವಭಾವ. ಇವೆರಡನ್ನೂ ಒಂದರ ತುದಿಗೆ ಇನ್ನೊಂದನ್ನು ಗಂಟುಹಾಕಿ, ತಟ್ಟನೆ ಎಳೆದು, ಉದ್ದವು ಬದಲಾಗದಂತೆ ಹಿಡಿದುಕೊಳ್ಳಿರಿ. ಮೊದಲಿಗೆ ಸ್ಪ್ರಿಂಗು ಮಾತ್ರ ಹಿಗ್ಗಿರುವುದು. ಕೈಗೆ ಪೂರ್ತಿ ಸೆಳೆತ ತಿಳಿಯುವುದು. ಹೊತ್ತು ಹೋದಂತೆ ಬೆಣೆಯು ಎಣ್ಣೆಯಲ್ಲಿ ಜರುಗುವುದು. ಜರುಗಿದಷ್ಟೂ ಸ್ಪ್ರಿಂಗು ಮೊಟಕಾಗುವುದು. ಮೊಟಕಾದಷ್ಟೂ ಸೆಳೆತ ಇಳಿಯುವುದು. ಸೆಳೆತವಿಳಿದಂತೆ ಬೆಣೆಯನ್ನು ಎಳೆಯುವ ಬಲವೂ ಕುಗ್ಗುವುದರಿಂದ ಇಳಿತವು ಬರಬರುತ್ತ ನಿಧಾನವಾಗುವುದು. ಮೊದಲಿನ ಸೆಳೆತವು 100 ಎಂದಿಟ್ಟುಕೊಂಡರೆ, ಒಂದು ನಿಯತಕಾಲ ಕಳೆದಾಗ ಸುಮಾರು 37, ಅಷ್ಟೇ ಕಾಲ ಇನ್ನೊಮ್ಮೆ ಕಳೆದಾಗ 14, ಮೂರನೆಯ ಸಲಕ್ಕೆ 5 ಉಳಿಯುವುದು. ಈ ನಿಯತಕಾಲಕ್ಕೆ ರಿಲ್ಯಾಕ್ಸೇಷನ್ ಕಾಲವೆಂದು ಹೆಸರು. ಎಣ್ಣೆಯ ಸ್ನಿಗ್ಧತೆಯನ್ನು ಸ್ಪ್ರಿಂಗಿನ ಗಡಸುತನದಿಂದ ಭಾಗಿಸಿದರೆ ಅದು ದೊರೆಯುವುದು. ಈ ಲೆಕ್ಕವು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲರು 1867ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಬಂದಿತು. ಆ ಪ್ರಬಂಧವಾದರೋ ಘನಪದಾರ್ಥಗಳ ವಿಷಯವೇ ಅಲ್ಲ, ಅನಿಲಗಳ ವಿಷಯ. ದೊಡ್ಡವರು ದಾರಿಯಲ್ಲಿ ನಡೆಯುತ್ತ ಬೀಳಿಸಿಹೋದುದೂ ಹೀಗೆ ಇತರರಿಗೆ ಜೀವನೋಪಾಯವಾಗುವುದುಂಟು.

ಈ ನಿಯತಕಾಲವು ಒಂದೊಂದು ಪದಾರ್ಥಕ್ಕೆ ಒಂದೊಂದು. ಕಣಕಕ್ಕೆ ನಿಮಿಷಗಳ ಲೆಕ್ಕವಾದರೆ, ಇನ್ನು ಕೆಲವಕ್ಕೆ ವರ್ಷಗಳು ಬೇಕು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿರುವ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಅಧ್ಯಾಪಕರು 1927ರಲ್ಲಿ ಕರಿಯ ರಾಳವನ್ನು ಕಾಯಿಸಿ ಗಾಜಿನ ಆಲಿಕೆಗೆ ಹೊಯ್ದರು. ಸುತ್ತಿಗೆಯಿಂದ ಹೊಡೆದರೆ ಆ ರಾಳವು ಗಾಜಿನಂತೆ ಚೂರಾಗುವುದು. 1930ರಲ್ಲಿ ಆಲಿಕೆಯ ಬಾಯಿಯನ್ನು ಕತ್ತರಿಸಿ ಕಾದರು. ಅದು ಹನಿಯತೊಡಗಿತು, 2014ರ ವೇಳೆಗೆ ಒಂಬತ್ತು ಹನಿ ಬಿದ್ದಿದ್ದುವು. ಅದನ್ನು ಬಹುಕಾಲ ನೋಡಿಕೊಂಡಿದ್ದ ಜಾನ್ ಮೈನ್‌ಸ್ಟೋನ್ ಎಂಬವರು ಒಂದು ಹನಿಯು ಬೀಳುವುದನ್ನೂ ಕಣ್ಣಾರೆ ಕಾಣದೆ 2013ರಲ್ಲಿ ತೀರಿಕೊಂಡರು. ಇದನ್ನು ಕೇಳಿ ನಮ್ಮ ಮನಸ್ಸಿಗೆ ಏಕೋ ಬಹಳ ವ್ಯಥೆಯಾಯಿತು. ಅಂತೂ ಘನವೋ ದ್ರವವೋ ಎಂಬ ಪ್ರಶ್ನೆಗೆ ಎಷ್ಟು ಹೊತ್ತು ನೋಡುವಿರಿ ಎಂಬ ಮರುಪ್ರಶ್ನೆಯೇ ಉತ್ತರವಾಯಿತು. ನೋಡುವ ಕಾಲಕ್ಕೂ ಸಡಿಲುವ ಕಾಲಕ್ಕೂ ಇರುವ ಪ್ರಮಾಣಕ್ಕೆ ಮಾರ್ಕಸ್ ರೈನರ್ ಎಂಬವರು ಡೆಬೊರಾ ಎಂಬ ಹೀಬ್ರೂ ಪ್ರವಾದಿನಿಯ ಹೆಸರನ್ನಿಟ್ಟರು. ದೇವರ ಮುಂದೆ ಬೆಟ್ಟಗಳೂ ಹರಿಯುವುವೆಂದು ಆಕೆಯ ಹಾಡಿನಲ್ಲಿ ಬರುವುದಂತೆ. ದೇವರಿಗೆ ಕಾಯುವಷ್ಟು ಹೊತ್ತಿದೆ, ನಮಗಿಲ್ಲವೆಂಬುದು ರೈನರರ ಅಭಿಪ್ರಾಯ.

ಮತ್ತೆ ಚೀಟಿಗೆ ಬರೋಣ. ಮ್ಯಾಕ್ಸ್‌ವೆಲ್ಲರ ಬೊಂಬೆಯನ್ನು ಸಾಕಷ್ಟು ಹೊತ್ತು ಹಿಡಿದರೆ ಸೆಳೆತವು ಇಲ್ಲವೇ ಇಲ್ಲವೆನ್ನುವಷ್ಟು ಇಳಿದುಹೋಗುವುದು. ರಬ್ಬರಿನಲ್ಲಾಗಲಿ ಎಲುಬುಗಳನ್ನು ಕಟ್ಟಿಹಿಡಿದಿರುವ ಅಸ್ಥಿರಜ್ಜುಗಳಲ್ಲಾಗಲಿ ಹಾಗಾಗುವುದಿಲ್ಲ. ಇಳಿದು ಇಳಿದು ಎಲ್ಲಿಯೋ ಒಂದು ಮಟ್ಟದಲ್ಲಿ ನಿಂತುಬಿಡುವುದು. ಅದಕ್ಕಾಗಿ ಅಳಿಯನು ಆ ಬೊಂಬೆಯ ಮಗ್ಗುಲಿಗೆ ಇನ್ನೊಂದು ಸ್ಪ್ರಿಂಗನ್ನು ಬರೆದನು. ಅದಕ್ಕೆ ಬೆಣೆಯಿಲ್ಲ, ಅದು ಯಾವಾಗಲೂ ಜಗ್ಗುತ್ತಲೇ ಇರುವುದು. “ಮೊದಲನೆಯದು ಎಷ್ಟು ಸಡಿಲಿದರೂ ಇದು ಮರೆಯುವುದಿಲ್ಲ, ಮಾವಯ್ಯ. ಹಿಡಿದ ಕೈಯನ್ನು ಬಿಟ್ಟರೆ ಹಿಂದಕ್ಕೆಳೆಯುವುದು ಇದೇ” ಎಂದನು. ಅವನು ಅಷ್ಟು ಹೊತ್ತು ಹೇಳಿದುದರಲ್ಲಿ ಈ ಮಾತನ್ನೇ ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದರ ಫಲವನ್ನು ಮುಂದೆ ಹೇಳುವೆವು.

ನಮ್ಮ ಗಮನವು ಬೇರೆ ಕಡೆಗೆ ಹೋಗಿದ್ದುದಕ್ಕೆ ಕಾರಣವಿತ್ತು. ಈ ಗುಣವನ್ನು ಮೊದಲು ಅಳೆದವರು ಯಾರೆಂದು ಕೇಳಿದಾಗ ಅವನು ರೇಷ್ಮೆಯ ನೂಲಿನ ಕಥೆಯನ್ನು ತೆಗೆದಿದ್ದನು. ಜರ್ಮನಿಯ ಗ್ಯೊಟಿಂಗೆನ್ ನಗರದಲ್ಲಿ ವಿಲ್ಹೆಲ್ಮ್ ವೇಬರ್ ಎಂಬ ಪಂಡಿತರು ಭೂಮಿಯ ಅಯಸ್ಕಾಂತಶಕ್ತಿಯನ್ನು ಅಳೆಯಲು ಕಾಂತಗಳನ್ನು ರೇಷ್ಮೆಯೆಳೆಗಳಿಂದ ತೂಗಹಾಕುತ್ತಿದ್ದರು. ಭಾರವನ್ನು ಕಟ್ಟಿದ ಕೂಡಲೆ ನೂಲು ಒಂದಿಷ್ಟು ಉದ್ದವಾಗುವುದು ಸಹಜ. ಆದರೆ ಆಮೇಲೂ ಮೆಲ್ಲಮೆಲ್ಲನೆ ಉದ್ದವಾಗುತ್ತಲೇ ಹೋಗುತ್ತಿತ್ತು. ಭಾರವನ್ನು ತೆಗೆದರೆ ತಟ್ಟನೆ ಅರ್ಧಂಬರ್ಧ ಕುಗ್ಗಿ, ಮಿಕ್ಕುದನ್ನು ಬಹಳ ಹೊತ್ತಿನವರೆಗೆ ಕುಗ್ಗುತ್ತಿತ್ತು. 1835ರಲ್ಲಿ ವೇಬರರು ಇದನ್ನು ಬರೆದು ಪ್ರಕಟಿಸಿದರು. ಗಾಜಿನ ಎಳೆಗಳಲ್ಲಿಯೂ ಇದೇ ಗುಣವನ್ನು ಬಳಿಕ ಇತರರು ಕಂಡರು. 1874ರಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ನರು ಇದಕ್ಕೆಲ್ಲ ಒಂದು ಸೂತ್ರವನ್ನು ಹೇಳಿದರು. ಇಂದು ಈ ವಸ್ತುವು ಹೇಗೆ ಎಳೆಯುವುದೆಂಬುದು ಇಂದು ನಾವು ಅದಕ್ಕೆ ಮಾಡಿದುದರಿಂದ ಮಾತ್ರ ನಿರ್ಣಯವಾಗುವುದಿಲ್ಲ. ನಿನ್ನೆ, ಮೊನ್ನೆ, ಅದರಾಚೆ ಅದಕ್ಕೆ ಆದುದೆಲ್ಲವೂ ಅದರಲ್ಲಿ ಉಳಿದಿದೆ. ಹಳೆಯದು ಮಸಕಾಗಿ, ಹೊಸದು ಎದ್ದುಕಾಣುವಂತೆ, ಎಲ್ಲವೂ ಒಂದಕ್ಕೊಂದು ಕೂಡಿಕೊಂಡು ಇದೆ ಎಂದು.

ಇದನ್ನು ಕೇಳಿ ನಾವು ಎದ್ದು ನಿಂತೆವು. ಜಡವಸ್ತುವಿಗೆ ನೆನಪು! ನಮ್ಮ ಪ್ರಾಚೀನರು ನೆನಪಿಗೆ ಕಾರಣವಾದ ಭಾವನೆಯನ್ನೂ ಚಾಪೆಯ ಸ್ಥಿತಿಸ್ಥಾಪಕವನ್ನೂ ಸಂಸ್ಕಾರವೆಂಬ ಒಂದೇ ತಲೆಬರಹದ ಕೆಳಗೆ ಏತಕ್ಕೆ ಇಟ್ಟರೆಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು. ಭಾವನೆಯು ಆತ್ಮದಲ್ಲಿರುವುದು, ಸ್ಥಿತಿಸ್ಥಾಪಕವು ಪೃಥ್ವಿಯಲ್ಲಿರುವುದು, ಎತ್ತಣ ಹೋಲಿಕೆ? ಆದರೆ ಅಳಿಯನ ಚೀಟಿಯ ಮುಂದೆ ನಿಂತಾಗ, ಆಗಿಹೋದುದರ ಗುರುತು ಒಳಗೆ ಉಳಿದು ಕಾಲ ಬಂದಾಗ ಕೆಲಸ ಮಾಡುವುದೆಂಬ ಒಂದೇ ಲಕ್ಷಣವು ಎರಡರಲ್ಲಿಯೂ ಕಂಡಿತು. ವೈಶೇಷಿಕರು ಬೋಲ್ಟ್ಸ್‌ಮನ್ನರ ಸೂತ್ರವನ್ನು ಅರಿತಿದ್ದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ನಮ್ಮ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವೈಶೇಷಿಕರು ಅಳೆಯಲಿಲ್ಲ, ಕಾಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯದಿದ್ದುದರಿಂದಲೇ ನಮ್ಮ ಚಾಪೆಯ ಪ್ರಶ್ನೆಗೆ ಉತ್ತರವಿರಲಿಲ್ಲ. ಈಗ ಅದು ಹೊಳೆಯಿತು. ಚಪ್ಪಟೆಯಾಗಿ ಹುಟ್ಟಿದ ಚಾಪೆಯನ್ನು ಸುತ್ತಿದ ದಿನ ಅದರ ಎಳೆಗಳೆಲ್ಲ ಬಿಗಿದು ಚಪ್ಪಟೆಯಾಗಲು ಸೆಳೆಯುತ್ತಿದ್ದುವು. ಸುತ್ತಿಟ್ಟ ತಿಂಗಳುಗಳಲ್ಲಿ ಆ ಬಿಗಿತವು ಇಳಿಯಿತು. ಈಗ ಬಿಡಿಸಿದರೆ ಚಪ್ಪಟೆಯಾಗಿರುವುದೇ ಅದಕ್ಕೆ ಹೊಸ ಬಿಗಿತ. ಮೊದಲಿನ ಸ್ಥಿತಿಯೆಂಬುದು ಹುಟ್ಟಿನಿಂದ ಬಂದುದಲ್ಲ, ಬಹುಕಾಲ ಇದ್ದುದರಿಂದ ಬಂದುದು. ನಮ್ಮ ಗುರುಗಳು ಬದುಕಿದ್ದರೆ ಆ ರಾತ್ರಿಯೇ ಹೋಗಿ ಹೇಳಿಬರುತ್ತಿದ್ದೆವು.

ವಾರಕ್ಕೊಂದರಂತೆ ಆರು ಪ್ಲಾಸ್ಟರುಗಳಾದುವು. ಪ್ರತಿಯೊಂದನ್ನು ಬಿಚ್ಚಿದಾಗಲೂ ಪಾದವು ಹಿಂದಿನ ವಾರಕ್ಕಿಂತ ಹೊರಕ್ಕೆ ಬಂದಿರುತ್ತಿತ್ತು. ಕಡೆಗೆ ಹಿಮ್ಮಡಿಯ ದಪ್ಪ ಸ್ನಾಯುರಜ್ಜುವೊಂದು ಮಾತ್ರ ಒಪ್ಪದೆ ನಿಂತಿತು. ಬಹುಪಾಲು ಮಕ್ಕಳಲ್ಲಿ ಹೀಗೆಯೇ ಆಗುವುದಂತೆ. ಅದನ್ನು ಸೂಜಿಯಂಥ ಸಣ್ಣ ಅಲಗಿನಿಂದ ಕತ್ತರಿಸಿ, ಮೂರು ವಾರದ ಪ್ಲಾಸ್ಟರನ್ನು ಹಾಕಿದರು. ಆ ಮೂರು ವಾರಗಳಲ್ಲಿ ರಜ್ಜುವು ಉದ್ದವಾಗಿಯೇ ಕೂಡಿಕೊಂಡಿತು. ಪ್ಲಾಸ್ಟರನ್ನು ತೆಗೆದಾಗ ಎಡದ ಪಾದವು ಬಲದ ಪಾದದ ತಮ್ಮನಂತೆ, ಸ್ವಲ್ಪ ಚಿಕ್ಕದಾಗಿ, ಆದರೆ ನೆಟ್ಟಗೆ ಇತ್ತು. ನಮ್ಮ ಮಗಳು ಅದನ್ನು ಕೆನ್ನೆಗೆ ಒತ್ತಿಕೊಂಡು ಕುಳಿತಳು.

ಈ ಕ್ರಮವನ್ನು ನೆಲೆಗೊಳಿಸಿದವರು ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರು. 1914ರಲ್ಲಿ ಸ್ಪೇನಿನ ಮೆನೋರ್ಕ ದ್ವೀಪದಲ್ಲಿ ಹುಟ್ಟಿ, ಆ ದೇಶದ ಅಂತರ್ಯುದ್ಧದಲ್ಲಿ ಗಾಯಾಳುಗಳ ಮುರಿದ ಎಲುಬುಗಳನ್ನು ಕೂಡಿಸಿ, ಸೋತ ಪಕ್ಷದವರೊಡನೆ ಗಡಿ ದಾಟಿ, ಮೆಕ್ಸಿಕೊವಿಗೆ ಹೋಗಿ, 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯವನ್ನು ಸೇರಿದರು. ಶಿಶುಗಳ ಅಸ್ಥಿರಜ್ಜುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ಎಳೆಗಳು ಅಲೆಅಲೆಯಾಗಿ ಮಡಿಚಿಕೊಂಡಿರುವುದರಿಂದ ಮೆಲ್ಲನೆ ಎಳೆದರೆ ಬಿಡಿಸಿಕೊಳ್ಳುವುವೆಂದೂ, ಕೆಲವು ದಿನದ ಮೇಲೆ ಮಡಿಕೆಗಳು ಮತ್ತೆ ಮೂಡುವುದರಿಂದ ಇನ್ನೊಮ್ಮೆ ಎಳೆಯಬಹುದೆಂದೂ ವಿವರಿಸಿದರು. ಶಸ್ತ್ರವೈದ್ಯರು ಬಹುಕಾಲ ಕೊಯ್ಯುವುದನ್ನೇ ಮೆಚ್ಚಿದರು. ಪೊನ್ಸೆಟಿಯವರು ಎಂಬತ್ತು ದಾಟಿದ ಮೇಲೆಯೇ ಅವರ ಕ್ರಮವು ಲೋಕದಲ್ಲೆಲ್ಲ ಹಬ್ಬಿದುದು. ಅವರು 2009ರಲ್ಲಿ ತೀರಿಕೊಂಡರು. ಎರಡು ಸಾವಿರದ ನಾಲ್ಕುನೂರು ವರ್ಷಗಳಷ್ಟು ಹಿಂದೆ ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥದಲ್ಲಿಯೂ ಇಂಥ ಪಾದವನ್ನು ಮೇಣವನ್ನು ತಿದ್ದುವವನಂತೆ ಮೆಲ್ಲನೆ ತಿದ್ದಿ ಬಟ್ಟೆ ಸುತ್ತಬೇಕೆಂದು ಹೇಳಿದೆ.

ಪ್ಲಾಸ್ಟರು ಮುಗಿದ ಮೇಲೆ ಒಂದು ಕಡ್ಡಿಗೆ ಎರಡು ಬೂಟುಗಳನ್ನು ಕೂಡಿಸಿದ ಕಟ್ಟನ್ನು ಕೊಟ್ಟರು. ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ತಮೂರು ಗಂಟೆ. ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ರಾತ್ರಿಯ ನಿದ್ರೆಯಲ್ಲೂ ಹಗಲಿನ ನಿದ್ರೆಯಲ್ಲೂ. ಎಡಬೂಟು ಹೊರಕ್ಕೆ ಬಹಳ ತಿರುಗಿರುವುದು, ಬಲಬೂಟು ಅದರ ಅರ್ಧದಷ್ಟು. ಮಗುವು ಅದನ್ನು ದ್ವೇಷಿಸಿತು.

ಈಗ ನಮ್ಮ ತಪ್ಪನ್ನು ಹೇಳಬೇಕಾಗಿದೆ. ಮಗುವಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಅಳಿಯನ ತಾಯಿಗೆ ಕಾಯಿಲೆಯಾಗಿ, ಮಗಳೂ ಅಳಿಯನೂ ಮೂರು ವಾರ ಪರಊರಿನ ಆಸ್ಪತ್ರೆಯಲ್ಲಿರಬೇಕಾಯಿತು. ಮಗುವು ನಮ್ಮ ಬಳಿ ಉಳಿಯಿತು. ನಾವು ಆ ವರ್ಷವೇ ಶಾಲೆಯಿಂದ ನಿವೃತ್ತರಾಗಿದ್ದೆವು. ಮೂವತ್ತೈದು ವರ್ಷ ಹುಡುಗರನ್ನು ಹದ್ದಿನಲ್ಲಿಟ್ಟವರಿಗೆ ಒಂದು ಮಗುವಿನ ಬೂಟು ಏನು ಲೆಕ್ಕ ಎಂದುಕೊಂಡಿದ್ದೆವು. ಮೊದಲನೆಯ ರಾತ್ರಿ ಮಗುವು ತಾಯಿಯನ್ನು ನೆನೆದು ಬೆಳಗಿನವರೆಗೆ ಅತ್ತಿತು. ಎರಡನೆಯ ರಾತ್ರಿ ಅಳುತ್ತ ಅಳುತ್ತ ಕಾಲಿನ ಕಡ್ಡಿಯನ್ನು ತೊಟ್ಟಿಲಿಗೆ ಬಡಿಯತೊಡಗಿತು. ಮನೆಯವರು ಜ್ವರದಿಂದ ಮಲಗಿದ್ದರು. ನಾವು ಬೂಟನ್ನು ಬಿಚ್ಚಿದೆವು. ಮಗುವು ಒಂದೇ ನಿಮಿಷದಲ್ಲಿ ನಮ್ಮ ತೋಳಿನ ಮೇಲೆ ನಿದ್ದೆಹೋಯಿತು. ದೀಪದ ಬೆಳಕಿನಲ್ಲಿ ಪಾದವನ್ನು ನೋಡಿದೆವು. ಸೊಟ್ಟವೆಲ್ಲಿದೆ? ನೆಟ್ಟಗಿರುವ ಕಾಲನ್ನು ಕಟ್ಟಿ ಹಿಂಸಿಸುವುದು ಯಾವ ನ್ಯಾಯ? ಚಾಪೆಯು ಹೊಸ ಸ್ಥಿತಿಯನ್ನು ಕಲಿತಾಯಿತಲ್ಲ, ಎಂದು ನಮ್ಮ ಪಾಂಡಿತ್ಯವೂ ಆಗ ಸಹಾಯಕ್ಕೆ ಬಂದಿತು. ಅಂದಿನಿಂದ ಹದಿನೆಂಟು ರಾತ್ರಿ ಬೂಟನ್ನು ಹಾಕಲಿಲ್ಲ. ಫೋನಿನಲ್ಲಿ ಮಗಳು ಕೇಳಿದಾಗಲೆಲ್ಲ “ಹಾಕಿದೆ ಅಮ್ಮ” ಎಂದೆವು. ತಾಯ್ತಂದೆಗಳು ಬರುವ ಹಿಂದಿನ ಸಂಜೆ ತೊಡಿಸಹೋದರೆ ಹಿಮ್ಮಡಿಯು ಬೂಟಿನ ತಳವನ್ನು ಮುಟ್ಟಲೊಲ್ಲದು.

ಮಗಳು ಬಂದವಳು ಮಗುವನ್ನೆತ್ತಿಕೊಂಡು, ಕಾಲನ್ನು ಮುಟ್ಟಿ ನೋಡಿ, ನಮ್ಮ ಮುಖವನ್ನು ನೋಡಿದಳು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ವೈದ್ಯರು ಗದರಲಿಲ್ಲ, ಇದು ಅನೇಕ ಮನೆಗಳಲ್ಲಿ ಆಗುವುದೆಂದೂ, ಕಾಲು ಸರಿಯಾಗಿ ಕಾಣುವುದೇ ಇದಕ್ಕೆ ಕಾರಣವೆಂದೂ ಹೇಳಿ, ಮತ್ತೆ ಎರಡು ಪ್ಲಾಸ್ಟರುಗಳನ್ನು ಹಾಕಿದರು. ನಡೆಯಲು ಕಲಿತಿದ್ದ ಮಗುವು ಮತ್ತೆ ತೆವಳಿತು. ಆ ಎರಡು ವಾರ ನಾವು ಊಟಕ್ಕೆ ಕುಳಿತಾಗ ತಲೆಯೆತ್ತಲಿಲ್ಲ. ಒಂದು ರಾತ್ರಿ ಅಳಿಯನು ಆ ಹಳೆಯ ಚೀಟಿಯನ್ನು ನಮ್ಮ ಪುಸ್ತಕದಿಂದ ತೆಗೆದು, ಮಗ್ಗುಲಿನ ಸ್ಪ್ರಿಂಗಿನ ಮೇಲೆ ಬೆರಳಿಟ್ಟನು. ನಾವು ಕೇಳಿಸಿಕೊಳ್ಳದೆ ಬಿಟ್ಟ ಸ್ಪ್ರಿಂಗು ಅದು. ಆದರೆ ಅವನು ಅದರಿಂದ ನಮ್ಮನ್ನು ಚುಚ್ಚಲಿಲ್ಲ. “ನನ್ನ ಲೆಕ್ಕವೂ ಪೂರ್ತಿಯಲ್ಲ, ಮಾವಯ್ಯ. ಇದು ರಬ್ಬರಿಗೆ ಸಾಕು. ಡಾಕ್ಟರು ಕಾಲನ್ನು ಹಿಡಿದು ಕುಳಿತ ಕೆಲವು ನಿಮಿಷಗಳಿಗೂ ಸರಿಹೋದೀತು. ಮಾಂಸತಂತುಗಳ ಬಿಗಿತ ಸಡಿಲುವುದನ್ನು ಲೆಕ್ಕಹಾಕಲು ಫಂಗ್ ಎಂಬವರು 1972ರ ಸುಮಾರಿಗೆ ಇದಕ್ಕಿಂತ ಒಳ್ಳೆಯ ಸೂತ್ರವನ್ನು ಬರೆದರು. ಅವರು ಮೊದಲು ವಿಮಾನದ ರೆಕ್ಕೆಗಳ ಲೆಕ್ಕ ಮಾಡುತ್ತಿದ್ದವರು. ಆದರೂ ವಾರಗಟ್ಟಲೆ ಆಗುವುದು ಬೇರೆ. ರಬ್ಬರು ತನ್ನನ್ನು ತಾನು ಹೊಸದಾಗಿ ಕಟ್ಟಿಕೊಳ್ಳುವುದಿಲ್ಲ, ಇವನು ಕಟ್ಟಿಕೊಳ್ಳುತ್ತಾನೆ. ಜೀವಕೋಶಗಳು ಹಳೆಯ ಎಳೆಯನ್ನು ತೆಗೆದು ಹೊಸದನ್ನು ಹಾಕುತ್ತಲೇ ಇರುತ್ತವೆ. ಹಿಡಿದ ಆಕಾರಕ್ಕೆ ಸರಿಯಾಗಿ ಹಾಕುತ್ತವೆ. ಬಿಟ್ಟರೆ ಬಿಟ್ಟ ಆಕಾರಕ್ಕೆ. ಆ ಕೆಲಸವು ಮುಗಿಯುವವರೆಗೆ ನಾವು ಕಾಲನ್ನು ಹಿಡಿದುಕೊಂಡಿರಬೇಕು, ಅಷ್ಟೆ” ಎಂದನು.

ಅಂದಿನಿಂದ ಬೂಟು ತೊಡಿಸುವ ಕೆಲಸವನ್ನು ನಾವು ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಗಳು ಮೊದಲ ಕೆಲವು ತಿಂಗಳು ನಾವು ತೊಡಿಸಿದ ಮೇಲೆ ತಾನೊಮ್ಮೆ ಬಂದು ಪಟ್ಟಿಗಳನ್ನು ಮುಟ್ಟಿನೋಡಿ ಹೋಗುತ್ತಿದ್ದಳು. ನಮಗೆ ಅದು ನೋವಾದರೂ ನ್ಯಾಯವೆಂದು ಸುಮ್ಮನಿದ್ದೆವು. ಕಳೆದ ಯುಗಾದಿಯಿಂದ ಅವಳು ಬರುವುದನ್ನು ನಿಲ್ಲಿಸಿದ್ದಾಳೆ. ಯಾವ ದಿನ ನಿಲ್ಲಿಸಿದಳೆಂಬುದು ನಮಗೆ ಗೊತ್ತಾಗಲಿಲ್ಲ.

ಮಗುವಿಗೆ ಈಗ ಮೂರು ತುಂಬಿದೆ. ಹಗಲೆಲ್ಲ ಅಂಗಳದಲ್ಲಿ ಓಡುವನು. ಎಡಗಾಲಿನ ಮೀನಖಂಡವು ಬಲದ್ದಕ್ಕಿಂತ ಸ್ವಲ್ಪ ಸಣ್ಣ, ತಿಳಿದವರಿಗೆ ಮಾತ್ರ ಕಾಣುವುದು. ರಾತ್ರಿ ಒಂಬತ್ತಕ್ಕೆ ತಾನೇ ಆ ಬೂಟುಗಳ ಕಡ್ಡಿಯನ್ನು ದರದರನೆ ಎಳೆದುಕೊಂಡು ಬಂದು ನಮ್ಮ ಚಾಪೆಯ ಮೇಲೆ ಕುಳಿತು ಎಡಗಾಲನ್ನು ಮುಂದಕ್ಕೆ ಚಾಚುವನು. ಹಿಮ್ಮಡಿಯು ತಳಕ್ಕೆ ಕೂತಿತೋ ಇಲ್ಲವೋ ಎಂದು ಬೂಟಿನ ಹಿಂದಿನ ಕಿಂಡಿಯಲ್ಲಿ ನೋಡಿ ನಾವು ಮೊದಲ ಪಟ್ಟಿಯನ್ನು ಬಿಗಿಯುವೆವು. “ಕೂತಿತಾ ತಾತ?” ಎಂದು ಕೇಳುವನು. ಕೂತಿತು ಎಂದ ಮೇಲೆಯೇ ಬಲಗಾಲನ್ನು ಕೊಡುವನು.